ಗಡಿನಾಡಿನ ಲಿನಕ್ಸ್ ಗಣಕಕ್ಕೆ ಯಾವ ಗ್ರಾಫಿಕ್ಸ್ ಕಾರ್ಡು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯ ಪ್ರೊಸೆಸರಾದರೂ ಇರಬೇಕು. ದೊಡ್ಡ ಊರಿನ ಕಚೇರಿಗಳು ಬಳಸಿ ಬಿಟ್ಟ ನಾಲ್ಕನೇ, ಆರನೇ ಪೀಳಿಗೆಯ ಐ5 ಪೆಟ್ಟಿಗೆಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳ ಮೂಲಕ ಸಣ್ಣ ಊರಿನ ಮನೆಗಳಿಗೆ ಬರುತ್ತವೆ. ಇವು ಈ ಷರತ್ತನ್ನು ಪೂರೈಸುವುದಿಲ್ಲ. ಆಂಧ್ರದ ರಾಯದುರ್ಗ, ಮಡಕಶಿರಾದಂಥ ಗಡಿನಾಡಿನ ಊರುಗಳಲ್ಲಿ ಓದುವ ಹುಡುಗ ಹುಡುಗಿಯರ ಮುಂದೆ ಈಗಿರುವ ದಾರಿಗಳು ಎರಡು: ಹಳೆಯ ವಿಂಡೋಸನ್ನೇ ಭದ್ರತೆಯ ಪರಿವೆಯಿಲ್ಲದೆ ಎಳೆದುಕೊಂಡು ಹೋಗುವುದು, ಇಲ್ಲವೇ ದುಡ್ಡು ಕೊಡದೆ ಸಿಗುವ ಲಿನಕ್ಸ್ ಹಾಕಿಕೊಳ್ಳುವುದು. ಲಿನಕ್ಸ್ ಹಾಕಿದವರು ಬೇಗನೆ ಕೇಳುವ ಪ್ರಶ್ನೆ ಒಂದೇ. ಗೇಮ್ ಆಡಲು ಕಡಿಮೆ ದುಡ್ಡಿನಲ್ಲಿ ಯಾವ ಕಾರ್ಡು ಹಾಕಿಸಬೇಕು? ಇದಕ್ಕೆ ಸಿಗುವ ಉತ್ತರಗಳು ಹೆಚ್ಚಾಗಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಪಟ್ಟಿಯ ರೂಪದಲ್ಲಿರುತ್ತವೆ. ಆ ಪಟ್ಟಿಗಳನ್ನು ತಯಾರಿಸುವುದು ಹೊಸ ಮದರ್‌ಬೋರ್ಡು, 750 ವಾಟಿನ ಎಸ್‌ಎಂಪಿಎಸ್, ಎ.ಸಿ. ಕೋಣೆ, ಮಿತಿಯಿಲ್ಲದ ಇಂಟರ್‌ನೆಟ್ ಇರುವ ಕಡೆ. ಅನಂತಪುರ ಸೀಮೆಯಲ್ಲಿ ಕುಳಿತು ಕೊಳ್ಳುವವರು ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಬೇರೆಯೇ ಲೆಕ್ಕ ಹಾಕಬೇಕು. ಕಾರ್ಡಿನ ಡ್ರೈವರ್ ಯಾರ ಕೈಯಲ್ಲಿದೆ, ಎಷ್ಟು ವರ್ಷ ಬಾಳುತ್ತದೆ ಎಂಬುದು ಆ ಲೆಕ್ಕದ ಮೊದಲ ಸಾಲು. ಅಂಗಡಿಯವನು ಹೇಳುವ ಬೆಲೆಯನ್ನು ಅದರ ನಂತರ ನೋಡಿದರೆ ಸಾಕು.

ಹೀಗೆ ಹೇಳಲು ಕಾರಣ, ಲಿನಕ್ಸಿನಲ್ಲಿ ಗೇಮ್ ನಡೆಯುವ ಬಗೆಯಲ್ಲೇ ಇದೆ. ಬಹುತೇಕ ಗೇಮ್‌ಗಳನ್ನು ವಿಂಡೋಸಿಗೆಂದೇ, ಡೈರೆಕ್ಟ್‌ಎಕ್ಸ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಬಳಸಿ ಬರೆದಿರುತ್ತಾರೆ. ವಿಂಡೋಸ್ ತಂತ್ರಾಂಶವನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಯೋಜನೆ 1993ರಷ್ಟು ಹಳೆಯದು. ಆದರೆ ಗೇಮಿನ ಮಟ್ಟಿಗೆ ದಿಕ್ಕು ಬದಲಾದದ್ದು 2018ರ ಆಗಸ್ಟಿನಲ್ಲಿ, ವಾಲ್ವ್ ಕಂಪನಿ ತನ್ನ ಗೇಮ್ ಅಂಗಡಿಯಾದ ಸ್ಟೀಮ್‌ನೊಳಗೆ ಪ್ರೋಟಾನ್ ಎಂಬ ಪದರವನ್ನು ಸೇರಿಸಿದಾಗ. ಪ್ರೋಟಾನ್‌ನಲ್ಲಿರುವ ಡಿಎಕ್ಸ್‌ವಿಕೆ, ವಿಕೆಡಿ3ಡಿ ಎಂಬ ಭಾಗಗಳು ಡೈರೆಕ್ಟ್‌ಎಕ್ಸ್ ಕರೆಗಳನ್ನು ವಲ್ಕನ್ ಎಂಬ ಇನ್ನೊಂದು ಗ್ರಾಫಿಕ್ಸ್ ವ್ಯವಸ್ಥೆಯ ಕರೆಗಳಾಗಿ ಬದಲಿಸುತ್ತವೆ. ಅಲ್ಲಿಂದ ಮುಂದಿನ ಕೆಲಸ ಕಾರ್ಡಿನ ವಲ್ಕನ್ ಡ್ರೈವರಿನದು. ಅಂದರೆ ಲಿನಕ್ಸಿನಲ್ಲಿ ಕಾರ್ಡಿನ ಯೋಗ್ಯತೆಯ ಅರ್ಧ ಸಿಲಿಕಾನಿನಲ್ಲಿದ್ದರೆ ಇನ್ನರ್ಧ ವಲ್ಕನ್ ಡ್ರೈವರಿನಲ್ಲಿದೆ. 2022ರ ಫೆಬ್ರುವರಿಯಲ್ಲಿ ವಾಲ್ವ್ ತಂದ ಸ್ಟೀಮ್ ಡೆಕ್ ಎಂಬ ಕೈಗೇಮ್ ಯಂತ್ರ ಲಿನಕ್ಸಿನ ಮೇಲೆಯೇ ನಡೆಯುತ್ತದೆ, ಅದರೊಳಗಿರುವುದು ಎಎಂಡಿ ಕಂಪನಿಯ ಆರ್‌ಡಿಎನ್‌ಎ 2 ಚಿಪ್ಪು. ಆ ಚಿಪ್ಪಿನ ಡ್ರೈವರನ್ನು ತಿದ್ದಲು ವಾಲ್ವ್ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿದೆ. ಅವರು ಸರಿಪಡಿಸಿದ್ದು ಅದೇ ಪೀಳಿಗೆಯ ಆರ್‌ಎಕ್ಸ್ 6600 ಹಾಕಿಸಿಕೊಂಡ ರಾಯದುರ್ಗದ ಮನೆಗೂ ಮಾಮೂಲಿ ಅಪ್‌ಡೇಟಿನಲ್ಲಿ ಬಂದು ಸೇರುತ್ತದೆ.

ಎಎಂಡಿ ಮೊದಲಿನಿಂದಲೂ ಹೀಗಿರಲಿಲ್ಲ. ಗ್ರಾಫಿಕ್ಸ್ ಚಿಪ್ಪು ತಯಾರಿಸುತ್ತಿದ್ದ ಎಟಿಐ ಕಂಪನಿಯನ್ನು 2006ರಲ್ಲಿ ಕೊಂಡುಕೊಂಡಾಗ ಅದರ ಲಿನಕ್ಸ್ ಡ್ರೈವರ್ ಬಳಕೆದಾರರ ಪಾಲಿಗೆ ತಲೆನೋವಾಗಿತ್ತು. ಮರುವರ್ಷ ಚಿಪ್ಪುಗಳ ಒಳವಿವರಗಳನ್ನು ಬಯಲಿಗಿಡುವುದಾಗಿ ಕಂಪನಿ ಘೋಷಿಸಿತು. 2015ರಲ್ಲಿ ಎಎಂಡಿಜಿಪಿಯು ಎಂಬ ಡ್ರೈವರ್ ಲಿನಕ್ಸ್ ಕರ್ನೆಲ್‌ನ 4.2ನೇ ಆವೃತ್ತಿಯೊಳಗೇ ಸೇರಿತು. ಮರುವರ್ಷ ಡೇವ್ ಏರ್ಲಿ ಮತ್ತು ಬಾಸ್ ನ್ಯೂವನ್‌ಹೌಜನ್ ಎಂಬಿಬ್ಬರು, ಎಎಂಡಿಯ ನೌಕರರಲ್ಲದವರು, ಅದರ ಮೇಲೆ ಆರ್‌ಎಡಿವಿ ಎಂಬ ವಲ್ಕನ್ ಡ್ರೈವರನ್ನು ಕಟ್ಟತೊಡಗಿದರು. ಅದು ಎಷ್ಟು ಮುಂದೆ ಹೋಯಿತೆಂದರೆ 2025ರ ಸೆಪ್ಟೆಂಬರಿನಲ್ಲಿ ಎಎಂಡಿ ತನ್ನದೇ ಆದ ಎಎಂಡಿವಿಎಲ್‌ಕೆ ಡ್ರೈವರನ್ನು ಕೈಬಿಟ್ಟು ಆರ್‌ಎಡಿವಿಗೇ ಬೆಂಬಲ ಕೊಟ್ಟಿತು. ಬೀಗವಿಲ್ಲದ ಡ್ರೈವರಿನ ಆಯುಸ್ಸು ಎಷ್ಟೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿಯೂ ಇದೆ. 2012ರ ಹೊತ್ತಿಗೆ ಮಾರುಕಟ್ಟೆಗೆ ಬಂದ ರೇಡಿಯಾನ್ ಎಚ್‌ಡಿ 7000 ಸರಣಿಯ ಹಳೆಯ ಕಾರ್ಡುಗಳನ್ನು ಕರ್ನೆಲ್‌ನ 6.19ನೇ ಆವೃತ್ತಿ ಹಳೆಯ ಡ್ರೈವರಿನಿಂದ ಬಿಡಿಸಿ ಎಎಂಡಿಜಿಪಿಯು ಡ್ರೈವರಿಗೆ ತಾನಾಗಿಯೇ ಒಪ್ಪಿಸುತ್ತದೆ. ಹುಟ್ಟಿ ಹದಿಮೂರು ವರ್ಷ ದಾಟಿದ ಕಾರ್ಡಿಗೆ ಇನ್ನೂ ಹೊಸ ಕೆಲಸ ನಡೆಯುತ್ತಿದೆ. ಇದೇ ಅವಧಿಯಲ್ಲಿ ಎನ್‌ವಿಡಿಯಾ ತನ್ನ 580 ಸರಣಿಯ ಡ್ರೈವರಿನೊಂದಿಗೆ ಪಾಸ್ಕಲ್ ಪೀಳಿಗೆಗೆ ತೆರೆ ಎಳೆಯಿತು. ಜಿಟಿಎಕ್ಸ್ 1050 ಟಿಐ, 1060 ಇದ್ದವರಿಗೆ 590ರಿಂದ ಆಚೆಗೆ ಹೊಸ ಡ್ರೈವರ್ ಇಲ್ಲ. 1060 ಬಂದದ್ದು 2016ರಲ್ಲಿ. ನಮ್ಮ ಕಡೆಯ ಸೆಕೆಂಡ್‌ಹ್ಯಾಂಡ್ ಮಾರಾಟದಲ್ಲಿ ಇಂದಿಗೂ ಕೈ ಬದಲಾಗುತ್ತಿರುವ ಕಾರ್ಡು ಅದು. ಅದರ ವೇಗ ಕುಂದಿಲ್ಲ, ಫ್ಯಾನು ತಿರುಗುತ್ತದೆ, ಆದರೂ ಕಂಪನಿಯ ಮಟ್ಟಿಗೆ ಅದರ ಕಥೆ ಬಹುಪಾಲು ಮುಗಿದಿದೆ.

ಎಎಂಡಿಯೂ ಒಂದು ಕಂಪನಿಯೇ ಅಲ್ಲವೇ, ನಾಳೆ ಅದೂ ಹೀಗೆಯೇ ಮಾಡಲಾರದೇ ಎಂದು ಕೇಳಬಹುದು. ಮಾಡಲು ಹೊರಟಿತ್ತು ಕೂಡ. 2025ರ ಅಕ್ಟೋಬರ್ ಕೊನೆಯಲ್ಲಿ ಆರ್‌ಎಕ್ಸ್ 5000, 6000 ಸರಣಿಗಳ ವಿಂಡೋಸ್ ಡ್ರೈವರನ್ನು ಬರೀ ನಿರ್ವಹಣೆಯ ಸಾಲಿಗೆ ತಳ್ಳುವ ಮಾತನ್ನಾಡಿ, ಬಳಕೆದಾರರು ಸಿಟ್ಟಿಗೆದ್ದ ಮೇಲೆ ಸಮಜಾಯಿಷಿ ಕೊಟ್ಟಿತು. ಲಿನಕ್ಸಿನಲ್ಲಿ ಅದೇ ಕಾರ್ಡುಗಳಿಗೆ ಇದರಿಂದ ಏನೂ ಆಗಲಿಲ್ಲ. ಅಲ್ಲಿನ ಡ್ರೈವರ್ ಕಂಪನಿಯೊಂದರ ಸ್ವತ್ತಲ್ಲ. ವಾಲ್ವ್, ರೆಡ್ ಹ್ಯಾಟ್ ಮತ್ತು ಬಿಡಿ ಕಾರ್ಯಕರ್ತರು ಸೇರಿ ನೋಡಿಕೊಳ್ಳುವ ಮೆಸಾ ಎಂಬ ಸಾರ್ವಜನಿಕ ಯೋಜನೆಯ ಭಾಗ. ನಂಬಿಕೆ ಇಡಬೇಕಾದದ್ದು ಈ ವ್ಯವಸ್ಥೆಯ ಮೇಲೆ. ಕಂಪನಿಯ ಸದ್ಬುದ್ಧಿಯನ್ನು ನೆಚ್ಚಿಕೊಂಡು ಇಪ್ಪತ್ತು ಸಾವಿರ ರೂಪಾಯಿ ಹಾಕುವ ಅಗತ್ಯವಿಲ್ಲ.

ಈ ವ್ಯತ್ಯಾಸ ಬೆಂಗಳೂರಿನ ಬಳಕೆದಾರರಿಗಿಂತ ಗಡಿನಾಡಿನವರಿಗೆ ಹೆಚ್ಚು ತಟ್ಟುತ್ತದೆ. ಎಎಂಡಿ ಕಾರ್ಡಿನ ಡ್ರೈವರ್ ಲಿನಕ್ಸ್‌ನ ಜೊತೆಯಲ್ಲೇ ಬರುತ್ತದೆ. ಕಾರ್ಡು ಸಿಕ್ಕಿಸಿ ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಎನ್‌ವಿಡಿಯಾದ ಡ್ರೈವರನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು, ಅದು ನೂರಾರು ಎಂಬಿ. ಅನೇಕ ಲಿನಕ್ಸ್ ಡಿಸ್ಟ್ರೋಗಳಲ್ಲಿ ಪ್ರತಿ ಸಲ ಕರ್ನೆಲ್ ಬದಲಾದಾಗಲೂ ಅದರ ತುಣುಕೊಂದನ್ನು ಹೊಸದಾಗಿ ಕಟ್ಟಿಕೊಳ್ಳಬೇಕು, ಸೆಕ್ಯೂರ್ ಬೂಟ್ ಇದ್ದರೆ ಅದಕ್ಕೆ ಸಹಿ ಬೀಳಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಮರುದಿನ ಬೆಳಿಗ್ಗೆ ಕಪ್ಪು ಪರದೆ. ಫೈಬರ್ ತಂತಿ ತಲುಪಿದ ಮನೆಗೆ ಇದು ಅರ್ಧ ಗಂಟೆಯ ಕೆಲಸವಾದೀತು. ರೊಳ್ಳ, ಅಗಳಿ, ಅಮರಾಪುರದ ಕಡೆಯ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟಿನ ದಿನದ ಒಂದೂವರೆ ಜಿಬಿಯನ್ನೇ ನೆಚ್ಚಿಕೊಂಡ ಮನೆಗೆ ಅದು ದಿನದ ಡೇಟಾದ ದೊಡ್ಡ ಪಾಲು. ಊರಿನ ರಿಪೇರಿ ಅಂಗಡಿಯವರಿಗೆ ವಿಂಡೋಸ್ ಹಾಕಿ ಕೊಡುವುದು ಗೊತ್ತು, ಕರ್ನೆಲ್ ಮಾಡ್ಯೂಲ್ ಕೈಕೊಟ್ಟರೆ ಅವರೂ ಅಸಹಾಯಕರು. ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿಲೋಮೀಟರ್, ಮಡಕಶಿರಾದಿಂದ ಬೆಂಗಳೂರಿನ ಎಸ್.ಪಿ. ರಸ್ತೆ ಸುಮಾರು 150. ಕೈಹಿಡಿದು ಸರಿಮಾಡಿ ಕೊಡುವವರು ಇಷ್ಟು ದೂರವಿರುವಾಗ, ಕೆಡುವ ಅವಕಾಶವೇ ಕಡಿಮೆ ಇರುವ ವಸ್ತುವನ್ನು ಆರಿಸುವುದು ಜಾಣತನ. ಡೇಟಾದ ಮಾತು ಬಂದದ್ದರಿಂದ ಇನ್ನೊಂದು ವಿಷಯ: ಸ್ಟೀಮ್ ತಾನಾಗಿಯೇ ಶೇಡರ್ ಕ್ಯಾಶ್ ಎಂಬ ಕಡತಗಳನ್ನು ಮೇಲಿಂದ ಮೇಲೆ ಇಳಿಸುತ್ತಿರುತ್ತದೆ. ಈಚಿನ ಡಿಎಕ್ಸ್‌ವಿಕೆ ಮತ್ತು ಆರ್‌ಎಡಿವಿಯಲ್ಲಿ ಅದರ ಅಗತ್ಯ ಬಹಳ ಕಡಿಮೆಯಾಗಿದೆ, ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಿಬಿಡಬಹುದು. ಕೌಂಟರ್‌ಸ್ಟ್ರೈಕ್ 2 ಒಂದೇ 85 ಜಿಬಿ ಜಾಗ ಕೇಳುವ ಕಾಲದಲ್ಲಿ ಈ ಉಳಿತಾಯ ಸಣ್ಣದಲ್ಲ.

ಇನ್ನು ಕಾರ್ಡು ಕೂರಬೇಕಾದ ಪೆಟ್ಟಿಗೆಯ ಮಾತು. ಹೆಚ್ಚಿನ ದುಡ್ಡು ಹಾಳಾಗುವುದು ಇಲ್ಲಿ. ಕಚೇರಿಯಿಂದ ಬಂದ ಡೆಲ್ ಆಪ್ಟಿಪ್ಲೆಕ್ಸಿನಂಥ ಸಣ್ಣ ಕ್ಯಾಬಿನೆಟ್ಟುಗಳಲ್ಲಿ ಇರುವುದು 180ರಿಂದ 255 ವಾಟಿನ, ಕಂಪನಿಯದೇ ಅಳತೆಯ ಎಸ್‌ಎಂಪಿಎಸ್. ಕಾರ್ಡಿಗೆ ಬೇಕಾದ ಆರು ಅಥವಾ ಎಂಟು ಪಿನ್ನಿನ ತಂತಿ ಅದರಲ್ಲಿ ಇರುವುದೇ ಇಲ್ಲ, ಪೂರ್ಣ ಎತ್ತರದ ಕಾರ್ಡು ಒಳಗೆ ಹಿಡಿಸುವುದೂ ಇಲ್ಲ. ಇಂಥ ಪೆಟ್ಟಿಗೆಗೆ ಸ್ಲಾಟಿನಿಂದಲೇ ಸಿಗುವ 75 ವಾಟಿನೊಳಗೆ ನಡೆಯುವ, ಗಿಡ್ಡ ಪಟ್ಟಿಯ ಕಾರ್ಡೇ ಬೇಕು. ಎಎಂಡಿಯಲ್ಲಿ ಅಂಥದ್ದು 53 ವಾಟಿನ ಆರ್‌ಎಕ್ಸ್ 6400. ಆದರೆ ಅದಕ್ಕಿರುವುದು ನಾಲ್ಕೇ ಪಿಸಿಐಇ ಲೇನ್, ಮೆಮೊರಿ 4 ಜಿಬಿ. ಆರನೇ ಪೀಳಿಗೆಯ ಇಂಟೆಲ್ ಬೋರ್ಡಿನ ಪಿಸಿಐಇ 3.0 ಸ್ಲಾಟಿನಲ್ಲಿ ಆ ನಾಲ್ಕು ಲೇನ್‌ಗಳ ವೇಗ ಅರ್ಧಕ್ಕಿಳಿಯುತ್ತದೆ; 4 ಜಿಬಿ ತುಂಬಿದ ಕೂಡಲೇ ಗೇಮ್ ತಡವರಿಸುತ್ತದೆ. ಆದ್ದರಿಂದ ಸಣ್ಣ ಕ್ಯಾಬಿನೆಟ್ಟಿನ ಮಟ್ಟಿಗೆ, ವಾದ ಎಎಂಡಿಯ ಪರವಾಗಿದ್ದರೂ, ತೀರ್ಪು ಎನ್‌ವಿಡಿಯಾದ 6 ಜಿಬಿಯ ಆರ್‌ಟಿಎಕ್ಸ್ 3050ರ ಕಡೆಗೆ ಹೋಗುತ್ತದೆ. 2024ರಲ್ಲಿ ಬಂದ ಈ ಕಾರ್ಡು 70 ವಾಟಿನಲ್ಲಿ ನಡೆಯುತ್ತದೆ, ಬೇರೆ ತಂತಿ ಬೇಡ, ಎಂಟು ಲೇನ್ ಇದೆ. ಡ್ರೈವರಿನ ಕಿರಿಕಿರಿಗೆ ಸಿದ್ಧರಾಗಿ ಕೊಳ್ಳಬೇಕು, ಅಷ್ಟೆ.

ಸಾಮಾನ್ಯ ಗಾತ್ರದ ಕ್ಯಾಬಿನೆಟ್ ಇದ್ದವರಿಗೆ ನನ್ನ ಆಯ್ಕೆಯಲ್ಲಿ ಸಂದೇಹವಿಲ್ಲ: ಆರ್‌ಎಕ್ಸ್ 6600. 2021ರ ಅಕ್ಟೋಬರಿನಲ್ಲಿ ಬಂದದ್ದು, 8 ಜಿಬಿ ಮೆಮೊರಿ, 132 ವಾಟ್, ಎಂಟು ಪಿನ್ನಿನ ಒಂದೇ ತಂತಿ ಸಾಕು. ಎಂಟು ಲೇನ್ ಇರುವುದರಿಂದ ಹಳೆಯ ಪಿಸಿಐಇ 3.0 ಬೋರ್ಡಿನಲ್ಲೂ ಕಳೆದುಕೊಳ್ಳುವುದು ಅತ್ಯಲ್ಪ. 1080ಪಿ ಮಾನಿಟರಿಗೆ ಇದು ಹೇಳಿಮಾಡಿಸಿದ ಕಾರ್ಡು. ದುಡ್ಡು ಸ್ವಲ್ಪ ಹೆಚ್ಚಿದ್ದರೆ 2023ರ ಆರ್‌ಎಕ್ಸ್ 7600 ತೆಗೆದುಕೊಳ್ಳಬಹುದು, ಆದರೆ ಅದು 165 ವಾಟ್ ಎಳೆಯುತ್ತದೆ, ಮೆಮೊರಿ ಅದೇ 8 ಜಿಬಿ. ಹಲವು ವರ್ಷ ಬದಲಿಸುವುದೇ ಬೇಡ ಎನ್ನುವವರು 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ತನಕ ಏರಬಹುದಾದರೂ ಅದು ಅಗ್ಗದ ಮಾತಲ್ಲ, ಹಳೆಯ ಪ್ರೊಸೆಸರಿಗೆ ಸರಿಜೋಡಿಯೂ ಅಲ್ಲ. ಇತ್ತ ಆರ್‌ಎಕ್ಸ್ 6500 ಎಕ್ಸ್‌ಟಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗಬೇಡಿ. 6400ರ ಎರಡೂ ದೋಷಗಳು ಅದಕ್ಕಿವೆ, ಮೇಲೆ 107 ವಾಟ್ ಬೇರೆ.

ವಾಟಿನ ಲೆಕ್ಕವನ್ನು ಇಷ್ಟು ಒತ್ತಿ ಹೇಳುವುದು ಕರೆಂಟ್ ಬಿಲ್ಲಿಗಾಗಿ ಅಲ್ಲ. ದಿನಕ್ಕೆ ನಾಲ್ಕು ಗಂಟೆ ಪೂರ್ತಿ ಭಾರದಲ್ಲಿ ಆಡಿದರೂ 6600 ತಿಂಗಳಿಗೆ ಸುಮಾರು 16 ಯೂನಿಟ್ ತಿನ್ನುತ್ತದೆ, 185 ವಾಟಿನ ಹಳೆಯ ಆರ್‌ಎಕ್ಸ್ 580 ಸುಮಾರು 22. ಆರು ಯೂನಿಟ್ಟಿನ ವ್ಯತ್ಯಾಸಕ್ಕೆ ಯಾರೂ ಬಡವರಾಗುವುದಿಲ್ಲ. ತೊಂದರೆ ಕೊಡುವುದು ಯುಪಿಎಸ್ ಮತ್ತು ಬಿಸಿಲು. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡಬಲ್ಲದ್ದು 360 ವಾಟ್. ಐ5 ಪ್ರೊಸೆಸರ್, ಮಾನಿಟರ್, ಡಿಸ್ಕ್ ಎಲ್ಲ ಸೇರಿದ ಮೇಲೆ 6600ಕ್ಕೆ ಅದರಲ್ಲಿ ಜಾಗವಿದೆ. 580ಕ್ಕೆ ಇಕ್ಕಟ್ಟು, ಕರೆಂಟ್ ಹೋದ ಕ್ಷಣಕ್ಕೆ ಯುಪಿಎಸ್ ಕೂಗಿ ಆರಿಹೋಗುವ ಸಾಧ್ಯತೆ ಹೆಚ್ಚು. ಅನಂತಪುರ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಕೋಣೆಯ ಶಾಖ ಎಷ್ಟು ಏರುತ್ತದೋ ಕಾರ್ಡಿನ ಶಾಖವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಅದರ ಮೇಲೆ ಧೂಳು. ಎ.ಸಿ. ಕೋಣೆಯಲ್ಲಿ ಅಳೆದು ಬರೆದ ವಿಮರ್ಶೆಯ ಅಂಕಿ ಏಪ್ರಿಲ್ ಮಧ್ಯಾಹ್ನದ ಮಡಕಶಿರಾಕ್ಕೆ ಅನ್ವಯಿಸುವುದಿಲ್ಲ. ಮಾನಿಟರ್ 60 ಹರ್ಟ್ಜಿನದಾದರೆ ಮ್ಯಾಂಗೋಹಡ್ ಎಂಬ ಉಚಿತ ಸಲಕರಣೆಯಲ್ಲಿ ವೇಗವನ್ನು 60 ಎಫ್‌ಪಿಎಸ್‌ಗೆ ಕಟ್ಟಿಹಾಕಬೇಕು. ಕಣ್ಣಿಗೆ ಕಾಣದ ಚಿತ್ರಗಳನ್ನು ಬಿಡಿಸುತ್ತ ಕಾರ್ಡು ಕಾಯುವುದು ಅದರಿಂದ ತಪ್ಪುತ್ತದೆ.

ಸೆಕೆಂಡ್‌ಹ್ಯಾಂಡ್ ಕಾರ್ಡು ಬೇಡವೇ ಬೇಡ ಎಂದು ಹೇಳಲಾಗದು, ಅನೇಕರ ಕೈಗೆ ಎಟಕುವುದು ಅದೇ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ಕಾರ್ಡುಗಳ ಕೈತಪ್ಪಿದ ಮೇಲೆ, ಹಗಲಿರುಳು ದುಡಿದ ಆರ್‌ಎಕ್ಸ್ 580ಗಳು ರಾಶಿರಾಶಿಯಾಗಿ ಹೊರಬಂದವು. ಅವುಗಳಲ್ಲಿ ಚೀನಾ ಮಾರುಕಟ್ಟೆಗೆಂದು 2018ರಲ್ಲಿ ಬಿಟ್ಟ, ಹೆಸರಿಗೆ 580 ಆದರೂ ಒಳಗೆ 570ರಷ್ಟೇ ಬಲವಿರುವ ಬಗೆಯೂ ಸೇರಿದೆ. ಬಯಾಸ್ ತಿದ್ದಿ ಜಿಟಿಎಕ್ಸ್ 550 ಟಿಐಯನ್ನು 1050 ಟಿಐ ಎಂದು ಮಾರಿದವರೂ ಇದ್ದಾರೆ. ಇಂಥ ಮೋಸ ಹಿಡಿಯಲು ಲಿನಕ್ಸ್ ಕೊಡುವ ಅನುಕೂಲ ದೊಡ್ಡದು. ಉಬುಂಟು ಅಥವಾ ಫೆಡೋರಾ ಬರೆದ ಪೆನ್‌ಡ್ರೈವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯ ಗಣಕದಲ್ಲೇ ಬೂಟ್ ಮಾಡಿದರೆ, ಏನನ್ನೂ ಇನ್‌ಸ್ಟಾಲ್ ಮಾಡದೆ ಎಎಂಡಿಯ ಪೂರ್ಣ ಡ್ರೈವರ್ ಕಣ್ಣೆದುರಿಗಿರುತ್ತದೆ. ಟರ್ಮಿನಲ್‌ನಲ್ಲಿ ಕರ್ನೆಲ್‌ನ ಸಂದೇಶಗಳನ್ನು ತೆರೆದು ಎಎಂಡಿಜಿಪಿಯು ಸಾಲುಗಳನ್ನು ಹುಡುಕಬೇಕು. ಅಲ್ಲಿ ‘ಆ್ಯಕ್ಟಿವ್ ಸಿಯು ನಂಬರ್’ ಎಂಬ ಮಾತಿನ ಮುಂದೆ 36 ಇದ್ದರೆ ಅದು ನಿಜವಾದ 580, 32 ಇದ್ದರೆ ಅಲ್ಲ. ಎನ್‌ವಿಡಿಯಾದ ನಕಲಿಯಾದರೆ ನೌವೋ ಎಂಬ ತೆರೆದ ಡ್ರೈವರ್ ಚಿಪ್ಪಿನ ಹೆಸರನ್ನು ಚಿಪ್ಪಿನಿಂದಲೇ ಓದಿ ಹೇಳುತ್ತದೆ: ಜಿಪಿ 107 ಎಂದು ಬರಬೇಕಾದ ಕಡೆ ಜಿಎಫ್ 116 ಎಂದು ಬಂದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ಸ್ಟಿಕ್ಕರನ್ನೂ ಬಯಾಸನ್ನೂ ಬದಲಿಸಬಹುದು, ಸಿಲಿಕಾನಿನ ಮೇಲಿನ ಗುರುತನ್ನು ಬದಲಿಸಲಾಗದು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಬಲವಾದದ್ದು ಎನ್‌ವಿಡಿಯಾ ಬದಲಾಗಿದೆ ಎಂಬುದು. ನಿಜ. 2022ರ ಮೇ ತಿಂಗಳಲ್ಲಿ ಟ್ಯೂರಿಂಗ್ ಮತ್ತು ನಂತರದ ಚಿಪ್ಪುಗಳಿಗೆ ಕರ್ನೆಲ್ ಭಾಗವನ್ನು ಬಯಲಿಗಿಟ್ಟಿತು, 2024ರಲ್ಲಿ ವೇಲ್ಯಾಂಡ್ ಎಂಬ ಲಿನಕ್ಸ್ ಪರದೆ ವ್ಯವಸ್ಥೆಯ ಮಿಣುಕಾಟವನ್ನು ನಿವಾರಿಸಿತು, ಮೆಸಾದೊಳಗೆ ಎನ್‌ವಿಕೆ ಎಂಬ ತೆರೆದ ವಲ್ಕನ್ ಡ್ರೈವರೂ ಬೆಳೆಯುತ್ತಿದೆ. ಆದರೆ ಗೇಮಿಗೆ ಬೇಕಾದ ವಲ್ಕನ್ ಭಾಗ ಎನ್‌ವಿಡಿಯಾದಲ್ಲಿ ಇನ್ನೂ ಬೀಗದೊಳಗಿದೆ, ಡೈರೆಕ್ಟ್‌ಎಕ್ಸ್ 12ರ ಹಲವು ಗೇಮ್‌ಗಳಲ್ಲಿ ವಿಂಡೋಸಿಗೆ ಹೋಲಿಸಿದರೆ ಅದರ ವೇಗ ಎದ್ದು ಕಾಣುವಷ್ಟು ಇಳಿಯುತ್ತದೆ. ಡಿಎಲ್‌ಎಸ್‌ಎಸ್, ರೇ ಟ್ರೇಸಿಂಗ್ ಚೆನ್ನಾಗಿವೆ ಎನ್ನುವುದೂ ಸರಿಯೇ, ಆದರೆ ಈ ಬೆಲೆಯ ಕಾರ್ಡಿನಲ್ಲಿ ರೇ ಟ್ರೇಸಿಂಗ್ ಹಾಕಿಕೊಂಡು ಆಡುವವರು ವಿರಳ. ನಾನು ಪೂರ್ತಿಯಾಗಿ ಒಪ್ಪಿಕೊಳ್ಳುವ ಅಪವಾದ ಒಂದಿದೆ. ಎಂಜಿನಿಯರಿಂಗ್ ಓದುತ್ತ ಮಷೀನ್ ಲರ್ನಿಂಗ್ ಅಭ್ಯಾಸ ಮಾಡುವವರಿಗೆ ಎನ್‌ವಿಡಿಯಾದ ಕ್ಯುಡಾ ಬೇಕೇಬೇಕು. ಅದಕ್ಕೆ ಎದುರಾಗಿ ಎಎಂಡಿ ಕೊಡುವ ಆರ್‌ಒಸಿಎಂ 6600ಕ್ಕೆ ಅಧಿಕೃತ ಬೆಂಬಲವನ್ನೇ ಕೊಡುವುದಿಲ್ಲ. ಅಂಥವರು 12 ಜಿಬಿಯ ಆರ್‌ಟಿಎಕ್ಸ್ 3060 ಹುಡುಕಿಕೊಳ್ಳುವುದು ಲೇಸು. ಇಂಟೆಲ್‌ನ ಆರ್ಕ್ ಬಿ580 ಕೂಡ 12 ಜಿಬಿ ಕೊಡುತ್ತದೆ, ಡ್ರೈವರೂ ತೆರೆದದ್ದೇ. ಆದರೆ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿಲ್ಲದ ಹಳೆಯ ಬೋರ್ಡಿನಲ್ಲಿ ಆರ್ಕ್ ಕಾರ್ಡುಗಳು ಮುಗ್ಗರಿಸುತ್ತವೆ. ನಮ್ಮ ಚರ್ಚೆಯಲ್ಲಿರುವ ಪೆಟ್ಟಿಗೆಗಳಲ್ಲಿ ಆ ಸೌಲಭ್ಯವಿಲ್ಲ.

ಎರಡನೆಯ ಆಕ್ಷೇಪಕ್ಕೆ ಯಾವ ಕಾರ್ಡಿನಲ್ಲೂ ಉತ್ತರವಿಲ್ಲ. ವ್ಯಾಲರಂಟ್, ಫೋರ್ಟ್‌ನೈಟ್ ಲಿನಕ್ಸಿನಲ್ಲಿ ನಡೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರಿನಲ್ಲಿ ಲಿನಕ್ಸಿಗೆ ಬಾಗಿಲು ಹಾಕಿತು. ಜಿಟಿಎ 5ರ ಒಂಟಿ ಆಟ ನಡೆಯುತ್ತದೆ, ಆನ್‌ಲೈನ್ ನಡೆಯುವುದಿಲ್ಲ. ಮೋಸಗಾರರನ್ನು ಹಿಡಿಯುವ ಆ್ಯಂಟಿಚೀಟ್ ತಂತ್ರಾಂಶವನ್ನು ಲಿನಕ್ಸಿನಲ್ಲಿ ನಡೆಸಲು ಆ ಗೇಮ್‌ಗಳ ಕಂಪನಿಗಳು ಒಪ್ಪದಿರುವುದೇ ಇದಕ್ಕೆ ಕಾರಣ. ಗೆಳೆಯರೆಲ್ಲ ವ್ಯಾಲರಂಟ್ ಆಡುತ್ತಾರೆ, ನನಗೂ ಅದೇ ಬೇಕು ಎನ್ನುವವರು ಕಾರ್ಡು ಕೊಳ್ಳುವ ಮೊದಲೇ ಲಿನಕ್ಸಿನ ಯೋಚನೆ ಬಿಡಬೇಕು. ಕೌಂಟರ್‌ಸ್ಟ್ರೈಕ್ 2, ಡೋಟಾ 2 ಲಿನಕ್ಸಿಗೆಂದೇ ತಯಾರಾಗಿ ಸಿಗುತ್ತವೆ, ಒಬ್ಬರೇ ಆಡುವ ಗೇಮ್‌ಗಳಲ್ಲಿ ಬಹುಪಾಲು ಪ್ರೋಟಾನ್‌ನಲ್ಲಿ ನಡೆಯುತ್ತವೆ. ಕೊಳ್ಳುವ ಮುಂಚೆ ಪ್ರೋಟಾನ್‌ಡಿಬಿ ಎಂಬ ಜಾಲತಾಣದಲ್ಲಿ ಆ ಗೇಮಿನ ಹೆಸರು ಹಾಕಿ ನೋಡಿದರೆ ಉಳಿದವರ ಅನುಭವ ತಿಳಿಯುತ್ತದೆ.

ಓದುವ ಮಕ್ಕಳಿಗೆ ಗೇಮಿನ ಕಾರ್ಡೇಕೆ ಎಂದು ಹಿರಿಯರು ಕೇಳುವುದು ಮೂರನೆಯದು, ಅದನ್ನು ತಳ್ಳಿಹಾಕುವಂತಿಲ್ಲ. ಹೊಸದಾಗಿಯೇ ಗಣಕ ಅಸೆಂಬಲ್ ಮಾಡಿಸುವವರಿಗೆ ಕಾರ್ಡಿಲ್ಲದ ದಾರಿಯೂ ಇದೆ: ರೈಜನ್ 5 5600ಜಿ ಅಥವಾ 8600ಜಿ ಪ್ರೊಸೆಸರಿನೊಳಗೇ ಇರುವ ರೇಡಿಯಾನ್ ಅದೇ ತೆರೆದ ಡ್ರೈವರಿನಲ್ಲಿ ನಡೆಯುತ್ತದೆ, ಹಗುರ ಗೇಮ್‌ಗಳಿಗೆ ಸಾಕು, ಮುಂದೆ ಬೇಕಾದಾಗ ಕಾರ್ಡು ಸೇರಿಸಬಹುದು. ಲಿನಕ್ಸ್ ಇರುವ ಗಣಕ ಗೇಮಿಗಷ್ಟೇ ಮೀಸಲಾಗಿ ಉಳಿಯುವುದೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ತೆಲುಗಿನಲ್ಲಿ ಅರ್ಜಿ ಬರೆಯಬೇಕಾದ ಗಡಿನಾಡಿನ ಮಕ್ಕಳಿಗೆ ಅದರಲ್ಲಿ ಎರಡೂ ಭಾಷೆಯ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿದ್ಧವಾಗಿರುತ್ತದೆ. ಎರಡರಲ್ಲೂ ಅಕ್ಷರಗಳ ಜಾಗ ಒಂದೇ, ಒಂದನ್ನು ಕಲಿತರೆ ಇನ್ನೊಂದು ಬಂದಂತೆಯೇ. ಗೇಮಿನ ಆಸೆಗೆ ಲಿನಕ್ಸ್ ಹಾಕಿಕೊಂಡವರಿಗೆ ಇದೂ ದಕ್ಕುತ್ತದೆ.

ಆದ್ದರಿಂದ ಕೊಳ್ಳಲು ಹೊರಟವರಲ್ಲಿ ನನ್ನ ಕೋರಿಕೆ ಇಷ್ಟು. ಇಪ್ಪತ್ತು ಸಾವಿರದ ಆಸುಪಾಸಿನ ದುಡ್ಡು ಇದ್ದರೆ ಅಷ್ಟನ್ನೂ ಕಾರ್ಡಿಗೇ ಸುರಿಯಬೇಡಿ. ಒಳ್ಳೆಯ ಹೆಸರಿನ 450 ವಾಟಿನ ಎಸ್‌ಎಂಪಿಎಸ್‌ಗೆ ಮೊದಲು ತೆಗೆದಿಡಿ, ಕಳಪೆ ಎಸ್‌ಎಂಪಿಎಸ್ ಸುಟ್ಟರೆ ಕಾರ್ಡನ್ನೂ ಬೋರ್ಡನ್ನೂ ಜೊತೆಗೆ ಒಯ್ಯಬಲ್ಲದು. ಉಳಿದ ದುಡ್ಡಿಗೆ ಹೊಸ ಆರ್‌ಎಕ್ಸ್ 6600 ಬರದಿದ್ದರೆ ಪೆನ್‌ಡ್ರೈವಿನಿಂದ ಪರೀಕ್ಷಿಸಿ ಹಳೆಯದನ್ನೇ ತನ್ನಿ. ಹೊಸದು ಕೊಳ್ಳುವಾಗ ಬಿಲ್ಲಿಲ್ಲದೆ ಕೊಡುತ್ತೇನೆ, ಶೇಕಡಾ 18 ಜಿಎಸ್‌ಟಿ ಉಳಿಯುತ್ತದೆ ಎಂಬ ಮಾತಿಗೆ ಮರುಳಾಗಬೇಡಿ. ವಾರಂಟಿ ಎಷ್ಟು ವರ್ಷದ್ದು, ಬಿಲ್ಲಿನ ಮೇಲೆ ಸಿಗುತ್ತದೋ ಕ್ರಮಸಂಖ್ಯೆಯ ಮೇಲೋ, ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ ಎಂಬುದನ್ನು ಅಂಗಡಿಯಲ್ಲೇ ಕೇಳಿ, ಕ್ರಮಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಬನ್ನಿ.